ಮೈಸೂರಿನಿಂದ ಬ್ರಿಸ್ಬೇನಿಗೆ

ಗಹುಂಜೆಯ ಕ್ರಿಕೆಟ್ ಮೈದಾನ ವಾಕಡದಿಂದ ದೂರವಿಲ್ಲ. ಅಲ್ಲಿ ಆಡುವ ಆಸೆ ನಮ್ಮ ಕನ್ನಡ ಮಕ್ಕಳಿಗೂ ಉಂಟು. ಆದರೆ ಪರೀಕ್ಷೆ ಹತ್ತಿರವಾದೊಡನೆ ನಾವು ಮೊದಲು ಬಚ್ಚಿಡುವುದು ಅವರ ಚೆಂಡನ್ನೇ! ಇಂಥ ನಾವು ಜಾವಗಲ್ ಶ್ರೀನಾಥರ ದಾರಿಯನ್ನು ಒಮ್ಮೆ ನೋಡಬೇಕು.

1969ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಶ್ರೀನಾಥರು ಅಲ್ಲಿಯ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಪದವೀಧರರಾದವರು. 1989-90ರ ಸಾಲಿನಲ್ಲಿ ಕರ್ನಾಟಕದ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ, ಹೈದರಾಬಾದಿನ ಮೂವರನ್ನು ಸತತ ಮೂರು ಎಸೆತಗಳಲ್ಲಿ ಉರುಳಿಸಿದರು. 1991ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಭಾರತದ ಟೆಸ್ಟ್ ತಂಡಕ್ಕೆ ಇಳಿದರು.

ಅಲ್ಲಿಗೆ ದಾರಿ ಸುಗಮವಾಯಿತೆನ್ನುವಂತಿಲ್ಲ. ನಮ್ಮ ದೇಶದ ಮೈದಾನಗಳಲ್ಲಿ ಸ್ಪಿನ್ ಎಸೆತಗಾರರಿಗೇ ಹೆಚ್ಚು ಮನ್ನಣೆ. ವೇಗದವರ ಪೈಕಿ ಕಪಿಲ್ ದೇವರ ಸ್ಥಾನ ಭದ್ರ. ಹೀಗಾಗಿ ಸ್ವದೇಶದಲ್ಲಿ ಟೆಸ್ಟ್ ಆಡಲು ಶ್ರೀನಾಥರು 1994ರವರೆಗೆ, ಕಪಿಲರು ನಿವೃತ್ತರಾಗುವ ತನಕ, ಕಾಯಬೇಕಾಯಿತು. ಬೇಸತ್ತು ಚೆಂಡು ಕೆಳಗಿಡಲಿಲ್ಲ. 67 ಟೆಸ್ಟುಗಳಲ್ಲಿ 236, ಒಂದು ದಿನದ ಪಂದ್ಯಗಳಲ್ಲಿ 315 ವಿಕೆಟ್ಟುಗಳನ್ನು ಗಳಿಸಿ 2003ರಲ್ಲಿ ನಿವೃತ್ತರಾದರು.

ಮಗುವನ್ನು ಆಟಕ್ಕೆ ಕಳಿಸಿದ ವರ್ಷವೇ ಫಲ ಕೇಳುವ ನಾವು, ಭಾರತದ ತಂಡ ಸೇರಿದ ಮೇಲೂ ಶ್ರೀನಾಥರು ಕಾದ ಆ ಮೂರು ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.