ಜಗಲಿಗಿಳಿದ ಗಣಿತ

ಊಟದ ಬೆಲ್ ಮುಗಿದು ಹತ್ತು ನಿಮಿಷವಾಗಿದೆ. ಸರ್ಕಾರಿ ಪದವಿ ಕಾಲೇಜಿನ ಹಿಂದಿನ ಜಗಲಿಯಲ್ಲಿ, ರೆಡ್ ಆಕ್ಸೈಡ್ ನೆಲದ ಮೇಲೆ, ಅಟೆಂಡರ್ ಅಕ್ಕ ಕುಕ್ಕರಗಾಲಲ್ಲಿ ಕೂತು ರಂಗೋಲಿ ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉದುರಿಸುತ್ತಿದ್ದಾರೆ. ಸುತ್ತ ಬಿ.ಎಸ್ಸಿ., ಬಿ.ಎ., ಬಿ.ಕಾಂ. ಹುಡುಗ ಹುಡುಗಿಯರು ಬೆರೆತು ನಿಂತಿದ್ದಾರೆ. ಕಂಬಕ್ಕೆ ಒರಗಿದ ಗಣಿತದ ಮೇಷ್ಟ್ರ ಕೈಯಲ್ಲಿ ಹಾಜರಿ ಪುಸ್ತಕ ಇದೆ. ತೆರೆದಿಲ್ಲ.

ನಾಲ್ಕು ಸಾಲು, ಸಾಲಿಗೆ ಮೂರು ಚುಕ್ಕಿ. ಅಕ್ಕನ ಎಳೆ ಮೂಲೆಯ ಚುಕ್ಕಿಯನ್ನು ಬಳಸಿ ಓರೆಯಾಗಿ ಹೊರಟಿತು. ಅಂಚಿಗೆ ಬಂದಾಗ ಕೊನೆಯ ಚುಕ್ಕಿಯನ್ನು ತಬ್ಬಿ ತಿರುಗಿತು, ಮತ್ತೆ ಓರೆ, ಮತ್ತೆ ತಿರುವು. ತನ್ನನ್ನೇ ಹಲವು ಕಡೆ ದಾಟಿ, ಹನ್ನೆರಡೂ ಚುಕ್ಕಿಗಳನ್ನು ಒಳಗೆ ಹಾಕಿಕೊಂಡು ಹೊರಟಲ್ಲಿಗೇ ಬಂದು ಕೂಡಿಕೊಂಡಿತು. ಕೈ ಎತ್ತಿದ್ದು ಒಂದೇ ಸಲ, ಕೊನೆಯಲ್ಲಿ.

‘ಅಕ್ಕ, ನಾಲ್ಕಕ್ಕೆ ನಾಲ್ಕು ಇಟ್ಟು ಹೀಗೇ ಹಾಕ್ತೀರಾ?’ ಮೇಷ್ಟ್ರು ಕೇಳಿದರು.

‘ಒಂದೇ ಎಳೇಲಿ ಬರಲ್ಲ ಸಾರ್. ನಾಲ್ಕು ಸಲ ಕೈ ಎತ್ತಬೇಕು.’ ಹಾಕಿ ನೋಡುವ ಗೋಜಿಗೂ ಅವರು ಹೋಗಲಿಲ್ಲ.

ಆಮೇಲೆ ಜಗಲಿಯುದ್ದಕ್ಕೂ ಚುಕ್ಕಿಗಳೇ. ಒಂದು ಗುಂಪು ನಾಲ್ಕಕ್ಕೆ ಆರು ಇಟ್ಟಿತು: ಎರಡು ಎಳೆ. ಇನ್ನೊಂದು ಮೂರಕ್ಕೆ ಐದು: ಒಂದೇ. ಆರಕ್ಕೆ ಒಂಬತ್ತು ಹಾಕಲು ಹೋದವರ ಎಳೆ ಎಲ್ಲೋ ತಪ್ಪಿ ಜಗಳವಾಗಿ, ಒರೆಸಿ ಮತ್ತೆ ಹಾಕಿದಾಗ ಮೂರು ಬಂತು. ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ ‘ಇದು ಮ.ಸಾ.ಅ. ಅಲ್ವಾ ಸಾರ್?’ ಎಂದಳು. ಹೌದು, ಮಹತ್ತಮ ಸಾಮಾನ್ಯ ಅಪವರ್ತನವೇ. ಸಾಲುಗಳ ಸಂಖ್ಯೆ, ಸಾಲಿನೊಳಗಿನ ಚುಕ್ಕಿಗಳ ಸಂಖ್ಯೆ, ಇವೆರಡರ ಮ.ಸಾ.ಅ. ಎಷ್ಟೋ ಅಷ್ಟು ಎಳೆ. ಕ್ಯಾರಂ ಹಲಗೆಯ ಸ್ಟ್ರೈಕರ್ ಹಾಗೆ ಎಳೆ ಅಂಚಿನಿಂದ ಅಂಚಿಗೆ ಪುಟಿಯುತ್ತದೆ; ಅಡ್ಡ ಪ್ರಯಾಣ, ಉದ್ದ ಪ್ರಯಾಣ ಎರಡೂ ಒಟ್ಟಿಗೆ ಮುಗಿದಾಗ ಮಾತ್ರ ಸುತ್ತು ಪೂರ್ಣ. ಐದನೇ ಆರನೇ ಕ್ಲಾಸಿನಲ್ಲಿ ಬಾಯಿಪಾಠವಾಗಿ ಕಲಿತು ಮರೆತ ಲೆಕ್ಕ ಅಂಗೈಗೆ ಬಿಳಿ ಪುಡಿಯಾಗಿ ಮೆತ್ತಿಕೊಂಡಿತು.

ಆಫ್ರಿಕಾದ ಅಂಗೋಲಾದಲ್ಲಿ ಚೊಕ್ವೆ ಜನ ಮರಳಿನ ಮೇಲೆ ಬೆರಳಲ್ಲಿ ಬರೆಯುವ ‘ಸೋನಾ’ ಚಿತ್ರಗಳಲ್ಲೂ ಇದೇ ಲೆಕ್ಕವಿದೆ. ಮೊಜಾಂಬಿಕ್‌ನಲ್ಲಿ ಪಾಠ ಮಾಡುತ್ತಿದ್ದ ಪೌಲುಸ್ ಗೆರ್ಡೆಸ್ ಅದನ್ನು ಬಿಡಿಸಿಟ್ಟರು. ನಮಗೆ ಹತ್ತಿರದಲ್ಲಿ, ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲೇ ತಮಿಳರ ರಂಗೋಲಿಯಾದ ಕೋಲಂಗಳಿಗೆ ವ್ಯಾಕರಣ ಬರೆದರು. ಸೂತ್ರಗಳನ್ನು ಒಂದರ ಮೇಲೊಂದು ಅನ್ವಯಿಸುತ್ತ ಹೋದರೆ ಚಿತ್ರ ತಾನೇ ಬೆಳೆಯುವಂಥ ವ್ಯಾಕರಣ ಅದು. ಕಂಪ್ಯೂಟರ್ ವಿಜ್ಞಾನದಲ್ಲಿ ಭಾಷೆಗಳ ಸಿದ್ಧಾಂತ ಓದುವವರು ಈಗಲೂ ಆ ಕೆಲಸವನ್ನು ಉಲ್ಲೇಖಿಸುತ್ತಾರೆ. ನಮ್ಮ ಮನೆಗಳ ರಂಗೋಲಿ ಪುಸ್ತಕಗಳಲ್ಲಿ ‘15ರಿಂದ 8, ಮಧ್ಯ ಚುಕ್ಕಿ’ ಎಂದು ಬರೆದಿರುತ್ತದಲ್ಲ, ನಡುವಿನ 15ರ ಎರಡೂ ಕಡೆ 8ರವರೆಗೆ ಇಳಿಯುವ ಸಾಲುಗಳನ್ನೆಲ್ಲ ಕೂಡಿ ನೋಡಿ: 169. ಹದಿಮೂರರ ವರ್ಗ. ಷಟ್ಕೋನದಲ್ಲಿ ಇಟ್ಟ ಚುಕ್ಕಿಗಳನ್ನು ಕಿತ್ತು ಚೌಕದಲ್ಲಿ ಇಟ್ಟರೆ ಒಂದೂ ಉಳಿಯದೆ, ಒಂದೂ ಸಾಲದಾಗದೆ ಕೂರುತ್ತವೆ. ಎಲ್ಲ ಅಳತೆಗೂ ಹೀಗಾಗುವುದಿಲ್ಲ.

ಮುಂದಿನ ವಾರ ಅದೇ ಗುಂಪು ಭೌತಶಾಸ್ತ್ರದ ಲ್ಯಾಬಿನಲ್ಲಿ. ಮೇಜಿನ ಮೇಲೆ, ಗ್ಯಾಲ್ವನೋಮೀಟರ್‌ಗಳನ್ನು ಪಕ್ಕಕ್ಕೆ ಸರಿಸಿ, ಒಂದು ಮೃದಂಗ. ಊರಿನ ದೇವಸ್ಥಾನದಲ್ಲಿ ನುಡಿಸುವ ಹಿರಿಯರು ಬಂದಿದ್ದಾರೆ. ಎಡಮುಖಕ್ಕೆ ರವೆ ಕಲಸಿ ಮೆತ್ತಿದರು. ಬಲಮುಖದ ನಡುವಿನ ಕಪ್ಪು ಕರಣೆ ಮೊದಲೇ ಇದೆ: ಅನ್ನದ ಜೊತೆ ಕಲ್ಲಿನ ಪುಡಿ ಅರೆದು, ತೆಳುವಾಗಿ ಪದರದ ಮೇಲೆ ಪದರ ಹಚ್ಚಿ, ತಿಕ್ಕಿ ಒಣಗಿಸಿದ್ದು.

ಬರಿಯ ಚರ್ಮ ಬಿಗಿದ ವಾದ್ಯ ಹೊಡೆದರೆ ಢಬ್ ಎನ್ನುತ್ತದೆ, ಸ್ವರ ಹುಟ್ಟುವುದಿಲ್ಲ. ಅದರ ಮೇಲುಸ್ವರಗಳು ಮೂಲದ 1.59, 2.14 ಪಟ್ಟು, ಹೀಗೆ ಹೊಂದಿಕೆಯಿಲ್ಲದೆ ಚದುರಿರುತ್ತವೆ. ಕರಣೆಯ ಭಾರ ಅವನ್ನು 1, 2, 3, 4, 5ರ ಸಾಲಿಗೆ ಎಳೆದು ತರುತ್ತದೆ. ಸಿ.ವಿ. ರಾಮನ್ ಇದನ್ನು ಶಿವಕಾಲಿ ಕುಮಾರ್ ಜೊತೆ 1920ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಚರ್ಮದ ಮೇಲೆ ಮರಳು ಉದುರಿಸಿ ತೆಗೆದ ಚಿತ್ರಗಳ ಸಮೇತ ವಿವರವಾಗಿ ಬರೆದರು. ಒಂಬತ್ತು ಬಗೆಯ ಕಂಪನಗಳು ಗುಂಪುಗೂಡಿ ಐದೇ ಸ್ವರಗಳಾಗುತ್ತವೆ ಎಂದು ತೋರಿಸಿದ ಲೇಖನ ಅದು.

ಲ್ಯಾಬಿನಲ್ಲಿ ಮರಳಿನ ಬದಲು ಜಗಲಿಯಲ್ಲಿ ಉಳಿದ ರಂಗೋಲಿ ಪುಡಿ. ಹಿರಿಯರು ಮೊದಲು ಮುಖ ಸಿಂಡರಿಸಿದರು. ವಾದ್ಯದ ಮೇಲೆ ಪುಡಿ ಚೆಲ್ಲುವುದು ಯಾರಿಗೆ ಇಷ್ಟವಾದೀತು? ಆಮೇಲೆ ಕೈಮುಗಿದು, ಉಂಗುರಬೆರಳನ್ನು ಕರಣೆಯ ಅಂಚಿಗೆ ಹಗುರವಾಗಿ ಊರಿ, ತೋರುಬೆರಳಿನಿಂದ ಹೊರ ಅಂಚಿನ ಚರ್ಮವಾದ ಮೀಟಿಗೆ ‘ನಂ’ ಎಂದು ಹೊಡೆದರು. ಮತ್ತೆ ಮತ್ತೆ. ಪುಡಿ ನಡುಗಿ, ಜಾರಿ, ಊರಿದ ಬೆರಳಿನಿಂದ ಎದುರು ಅಂಚಿನವರೆಗೆ ಅಂಕುಡೊಂಕಾದ ಒಂದು ಗೆರೆಯ ಹತ್ತಿರ ಸೇರತೊಡಗಿತು. ಚರ್ಮ ಅಲುಗದ ಜಾಗ ಅದು. ಬೆರಳು ಇಟ್ಟಲ್ಲಿ ಅಲುಗಾಟ ಇರಬಾರದು, ಆದ್ದರಿಂದ ಮೂಲಸ್ವರ ಅಡಗುತ್ತದೆ, ಎರಡನೆಯದು ಏಳುತ್ತದೆ. ‘ಗುರುಗಳು ಅಲ್ಲೇ ಇಡು ಅಂದ್ರು, ಇಟ್ಟೆ’ ಎಂದರು ಹಿರಿಯರು. ಒಂದು ಕೂದಲೆಳೆ ಆಚೆ ಇಟ್ಟರೂ ನಾದ ಕೆಡುತ್ತದೆಂದು ನುಡಿಸಿ ತೋರಿಸಿದರು.

ಇಲ್ಲಿ ಒಂದು ಮಾತು. ಇಂಥ ತರಗತಿಗಳಲ್ಲಿ ನನಗೆ ಭಯವಿರುವುದು ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂಬ ಭಾಷಣಕ್ಕೆ. ಅಕ್ಕನಿಗೆ ನಾಲ್ಕಕ್ಕೆ ನಾಲ್ಕು ಆಗುವುದಿಲ್ಲವೆಂದು ಗೊತ್ತು. ಹದಿನೇಳಕ್ಕೆ ಹತ್ತೊಂಬತ್ತು ಇಟ್ಟರೆ ಏನಾಗುತ್ತದೆಂದು ಹಾಕದೆ ಹೇಳಬಲ್ಲವರು ಮೇಷ್ಟ್ರು. ಆದರೆ ಅಕ್ಕ ಅಲ್ಲಿ ಕೂತು ಎಳೆ ಎಳೆಯದಿದ್ದರೆ ಮೇಷ್ಟ್ರಿಗೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಎರಡು ಕಡೆಯವರೂ ಒಬ್ಬರನ್ನೊಬ್ಬರು ಕಕ್ಕಾಬಿಕ್ಕಿ ಮಾಡುವ ತರಗತಿ ಮಾತ್ರ ಈ ಕೆಲಸಕ್ಕೆ ಯೋಗ್ಯ. ಕಲೆಯನ್ನು ಲೆಕ್ಕದ ಪುಸ್ತಕದ ರಕ್ಷಾಪುಟಕ್ಕೆ ಅಂಟಿಸಿದರೆ ಸಾಲದು.

ಕರ್ನಾಟಕದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ಪದವಿಯಲ್ಲಿ ಮುಕ್ತ ಐಚ್ಛಿಕ ವಿಷಯಗಳು ಬಂದವು. ವಿಜ್ಞಾನದವರು ಕಲೆಯನ್ನೂ ಕಲೆಯವರು ವಿಜ್ಞಾನವನ್ನೂ ಒಂದಿಷ್ಟು ಮುಟ್ಟಿ ನೋಡಲಿ ಎಂಬ ಉದ್ದೇಶ. 2024ರಲ್ಲಿ ರಾಜ್ಯ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮೂರು ವರ್ಷಕ್ಕೆ ಮರಳಿತು. ನೀತಿಯ ಜಗಳ ನೀತಿಯವರಿಗಿರಲಿ. ಅಟೆಂಡರ್ ಅಕ್ಕನಿಗೆ ಗೌರವಧನ ಕೊಡಬೇಕೆಂದರೆ ಅತಿಥಿ ಉಪನ್ಯಾಸಕರ ಕಾಲಂನಲ್ಲಿ ಸ್ನಾತಕೋತ್ತರ ಪದವಿ ತುಂಬಬೇಕು. ಅವರು ಓದಿದ್ದು ಏಳನೇ ಕ್ಲಾಸು. ಯಾವ ನೀತಿ ಬಂದರೂ ಆ ಕಾಲಂ ಬದಲಾದದ್ದನ್ನು ನಾನು ನೋಡಿಲ್ಲ.

ಮೂರನೆಯ ದೃಶ್ಯವೇ ನನಗೆ ಹೆಚ್ಚು ಹಿಡಿಸಿದ್ದು. ಒಂದೇ ಕರಿಹಲಗೆಯ ಎಡಕ್ಕೆ ಕನ್ನಡ ಮೇಡಂ, ಬಲಕ್ಕೆ ಗಣಿತದ ಮೇಷ್ಟ್ರು. ಛಂದಸ್ಸಿನ ಪಾಠ: ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಮಕ್ಕಳು ಬೆರಳು ಮಡಿಸಿದರು: ಮೂರು. ನಾಲ್ಕು ಮಾತ್ರೆ: ಐದು ಬಗೆ. ಐದು ಮಾತ್ರೆ: ಎಂಟು. ಆರಕ್ಕೆ ಹದಿಮೂರು. ಮೇಷ್ಟ್ರ ಮುಖ ಅರಳಿತು. ‘ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಫಿಬೊನಾಚಿ, 1202.’ ಮೇಡಂ ಸೀಮೆಸುಣ್ಣ ಕೆಳಗಿಡದೆಯೇ ಹೇಳಿದರು: ‘ಹೇಮಚಂದ್ರ ಅದಕ್ಕೂ ಅರ್ಧ ಶತಮಾನ ಮೊದಲು ಬರೆದ ಸಾರ್. ವಿರಹಾಂಕ ಅವನಿಗಿಂತ ಶತಮಾನಗಳ ಹಿಂದೆ. ನಮ್ಮ ಕಡೆಯ ಜಯಕೀರ್ತಿ ಸಂಸ್ಕೃತದಲ್ಲಿ ಛಂದಸ್ಸು ಬರೆಯುತ್ತ ಕನ್ನಡದ ಮಟ್ಟುಗಳಿಗೇ ಒಂದು ಅಧ್ಯಾಯ ಕೊಟ್ಟ, ಎಣಿಕೆಯ ವಿಧಾನಗಳನ್ನೂ ಹೇಳಿದ.’

ಅಷ್ಟಕ್ಕೇ ನಿಂತಿದ್ದರೆ ಇದೂ ಒಂದು ಹೆಮ್ಮೆಯ ಪಾಠವಾಗಿ ಮುಗಿಯುತ್ತಿತ್ತು. ಮೇಡಂ ಡಸ್ಟರ್ ತೆಗೆದುಕೊಂಡು ಮೇಷ್ಟ್ರ ಪಟ್ಟಿಯಲ್ಲಿ ಕೆಲವನ್ನು ಅಳಿಸತೊಡಗಿದರು. ‘ಲಘುವಾದ ಮೇಲೆ ಗುರು ಬಂದು ಗಣ ಶುರುವಾಗೋದು ಕನ್ನಡದ ಕಿವಿಗೆ ಒಗ್ಗಲ್ಲ. ಷಟ್ಪದಿಯಲ್ಲಿ ಇವಕ್ಕೆ ಜಾಗ ಇಲ್ಲ.’ ಮೂರರಲ್ಲಿ ಒಂದು ಹೋಯಿತು, ಐದರಲ್ಲಿ ಒಂದು, ಎಂಟರಲ್ಲಿ ಎರಡು, ಹದಿಮೂರರಲ್ಲಿ ಮೂರು. ತಮ್ಮ ಚೆಂದದ ಶ್ರೇಣಿ ಹರಿದುಹೋಯಿತೆಂದು ಮೇಷ್ಟ್ರು ಸುಮ್ಮನೆ ನಿಂತರು. ಉಳಿದದ್ದು ಎರಡು, ನಾಲ್ಕು, ಆರು, ಹತ್ತು.

‘ಅರ್ಧ ಮಾಡಿ ಸಾರ್’ ಎಂದ ಬಿ.ಕಾಂ. ಹುಡುಗ.

ಒಂದು, ಎರಡು, ಮೂರು, ಐದು. ಶ್ರೇಣಿ ಎಲ್ಲಿಗೂ ಹೋಗಿರಲಿಲ್ಲ, ಇಮ್ಮಡಿಯಾಗಿ ಕೂತಿತ್ತು! ಯಾಕೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲಲ್ಲೇ ಲಘು-ಗುರು ಬರಬಾರದೆಂದರೆ ಗಣದ ಮೊದಲ ಎರಡು ಮಾತ್ರೆ ಎರಡು ಲಘುವಾಗಿರಬೇಕು ಅಥವಾ ಒಂದು ಗುರುವಾಗಿರಬೇಕು. ಎರಡೇ ದಾರಿ. ಮಿಕ್ಕ ಮಾತ್ರೆಗಳು ಮನಬಂದಂತೆ. ಕನ್ನಡದ ಕಿವಿ ಹಾಕಿದ ಕಟ್ಟು ಲೆಕ್ಕವನ್ನು ಕೆಡಿಸುವ ಬದಲು ಸಲೀಸು ಮಾಡಿತ್ತು.

ಮೇಷ್ಟ್ರು ಈಗ ಎಡಪಕ್ಕಕ್ಕೇ ಬಂದುಬಿಟ್ಟರು. ಭಾಮಿನಿ ಷಟ್ಪದಿಯ ಮೊದಲ ಸಾಲು ಮೂರು-ನಾಲ್ಕು-ಮೂರು-ನಾಲ್ಕು: ಎರಡು, ನಾಲ್ಕು, ಎರಡು, ನಾಲ್ಕು ಗುಣಿಸಿದರೆ 64. ಕಟ್ಟಿಲ್ಲದಿದ್ದರೆ 225 ಆಗುತ್ತಿತ್ತು. ಇಂಥ ಸಾಲು ನಾಲ್ಕು. ಮೂರನೆಯದೂ ಆರನೆಯದೂ ಉದ್ದ, ಕೊನೆಗೊಂದು ಗುರು ಖಾಯಂ, ಒಂದೊಂದಕ್ಕೂ 512. ಎಲ್ಲ ಗುಣಿಸಿದರೆ ಎರಡರ ಘಾತ 42, ಅಂದರೆ ಸುಮಾರು 4.4 ಲಕ್ಷ ಕೋಟಿ ಬಗೆಯ ಪದ್ಯ. ಕುಮಾರವ್ಯಾಸ ಬರೆದದ್ದು ಎಂಟು ಸಾವಿರ ಚಿಲ್ಲರೆ.

‘ಲೆಕ್ಕಕ್ಕೆ ಬಂದದ್ದೆಲ್ಲ ಪದ್ಯ ಆಗಲ್ಲ ಸಾರ್’ ಎಂದು ಮೇಡಂ ನಕ್ಕರು. ಅವರೂ ಪೆನ್ನು ಹಿಡಿದು ಗುಣಾಕಾರ ಸರಿಯಿದೆಯೇ ಎಂದು ನೋಡುತ್ತಿದ್ದರು.

ಪರೀಕ್ಷೆಯ ಹೊತ್ತಿಗೆ ಇಬ್ಬರಿಗೂ ಸಣ್ಣ ತಕರಾರು. ಸಾಧನೆ ಬರೆಸಬೇಕು ಎಂದು ಮೇಷ್ಟ್ರು, ಒಂದು ಷಟ್ಪದಿ ಕಟ್ಟಿಸಬೇಕು ಎಂದು ಮೇಡಂ. ಕೊನೆಗೆ ಕಂದಪದ್ಯಕ್ಕೆ ರಾಜಿಯಾದರು. ಕಂದ ತುಂಟ ಮಟ್ಟು: ಅರ್ಧಕ್ಕೆ ನಾಲ್ಕು ಮಾತ್ರೆಯ ಎಂಟು ಗಣ. ಬೆಸ ಸ್ಥಾನಗಳಲ್ಲಿ ನಡುಗುರುವಿನ ಜಗಣ ಬರಕೂಡದು. ಆರನೆಯ ಗಣವೋ ಜಗಣವೇ ಆಗಿರಬೇಕು, ಇಲ್ಲವೇ ನಾಲ್ಕೂ ಲಘು. ಎಂಟನೆಯದು ಗುರುವಿನಲ್ಲಿ ಮುಗಿಯಬೇಕು, ಅಲ್ಲೂ ಜಗಣ ಇಲ್ಲ. ಅರ್ಧ ಕಂದ ಎಷ್ಟು ಬಗೆ ಎಂಬುದಕ್ಕೆ ಐದು ಅಂಕ, ಅದರಲ್ಲಿ ಯಾವುದಾದರೂ ಒಂದು ಬಗೆಗೆ ಅರ್ಥವಿರುವ ಮಾತು ತುಂಬಿದರೆ ಇನ್ನೈದು. ಮೊದಲ ಭಾಗಕ್ಕೆ 25,600 ಬರಬೇಕು. ಎರಡನೆಯ ಭಾಗವನ್ನು ಮೌಲ್ಯಮಾಪನ ಮಾಡುವವರು ಯಾರು ಎಂದು ಆಫೀಸಿನವರು ಕೇಳಿದಾಗ ಮೇಷ್ಟ್ರು ತಾನೇ ಮಾಡುತ್ತೇನೆಂದು ಬರೆದುಕೊಟ್ಟರಂತೆ.