ಓಲ್ನಿ ಎಂಬ ಸಣ್ಣ ಊರು

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರ್ ಪ್ರಾಂತದ ಉತ್ತರದ ಅಂಚಿನಲ್ಲಿ, ಗ್ರೇಟ್ ಊಸ್ ಎಂಬ ಮಂದಗತಿಯ ನದಿಯ ದಡದಲ್ಲಿ, ಓಲ್ನಿ ಎಂಬ ಊರೊಂದಿದೆ. ಲಂಡನ್ನಿನಿಂದ ಅಲ್ಲಿಗೆ ಸುಮಾರು ಅರವತ್ತು ಮೈಲಿ. ಇಂದಿನ ಜನಸಂಖ್ಯೆ ಆರು ಸಾವಿರಕ್ಕೆ ತುಸು ಮಿಗಿಲು. ಒಂದು ಅಗಲವಾದ ಹಿರಿಬೀದಿ, ಅದು ಹೋಗಿ ಸೇರುವ ತ್ರಿಕೋನಾಕಾರದ ಸಂತೆಯ ಬಯಲು, ಅಲ್ಲಿಂದ ತುಸು ದೂರ ಹೊಳೆಯ ಮಗ್ಗುಲಿಗೆ ಹದಿನಾಲ್ಕನೆಯ ಶತಮಾನದ ಚರ್ಚು, ಅದರ ನೆತ್ತಿಯ ಮೇಲೆ ನೀಳವಾದ ಕಲ್ಲಿನ ಶಿಖರ, ಇಷ್ಟನ್ನು ನೋಡಿದರೆ ಊರನ್ನು ನೋಡಿದಂತೆಯೇ ಆಯಿತು. ಇದು ರಾಜಧಾನಿಯಾಗಿ ಮೆರೆದ ಊರಲ್ಲ. ವಿದ್ಯಾಪೀಠವಾಗಿ ಹೆಸರಾದುದೂ ಅಲ್ಲ. ಆದರೂ 1764ರಿಂದ 1786ರವರೆಗಿನ ಇಪ್ಪತ್ತೆರಡು ವರ್ಷಗಳಲ್ಲಿ ಈ ಊರಿನ ಒಂದೆರಡು ಬೀದಿಗಳಲ್ಲಿ ನಡೆದ ಸಂಗತಿಗಳು ಲೋಕದ ನಾನಾ ಮೂಲೆಗಳನ್ನು ಮುಟ್ಟಿದವು. ಅವುಗಳಲ್ಲೊಂದು, ಬಹು ದೂರದ ಸುತ್ತುಬಳಸಿನ ದಾರಿಯಲ್ಲಿ, ನಮ್ಮ ಕನ್ನಡ ವ್ಯಾಕರಣದವರೆಗೂ ಬಂದಿತು. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ.

ಮೊದಲು ಆ ಊರಿನ ಜನ ಹೇಗೆ ಬದುಕುತ್ತಿದ್ದರೆಂಬುದನ್ನು ತಿಳಿಯಬೇಕು. ಓಲ್ನಿಯ ಮುಖ್ಯ ಕಸುಬು ಲೇಸ್ ಹೆಣೆಯುವುದು. ಸಿರಿವಂತರ ತೋಳಿನ ತುದಿಗೂ ಕೊರಳಿನ ಪಟ್ಟಿಗೂ ಅಲಂಕಾರವಾಗುತ್ತಿದ್ದ ಜಾಲರಿಯಂಥ ಆ ನವುರಾದ ಅಂಚು ಹುಟ್ಟುತ್ತಿದ್ದುದು ಬಡವರ ತೊಡೆಯ ಮೇಲೆ. ಹುಲ್ಲು ತುಂಬಿದ ಗಟ್ಟಿ ದಿಂಬಿನ ಮೇಲೆ ನಕ್ಷೆಯ ಚರ್ಮಪತ್ರವನ್ನು ಹರಡಿ, ಗೆರೆಗಳ ಮೇಲೆ ಗುಂಡುಸೂಜಿಗಳನ್ನು ನೆಟ್ಟು, ಮರದ ಅಥವಾ ಎಲುಬಿನ ಹತ್ತಾರು ಕಡ್ಡಿಗಳಿಗೆ ಸುತ್ತಿದ ನೂಲನ್ನು ಒಂದರ ಮೇಲೊಂದು ದಾಟಿಸಿ ಹೊಸೆಯುತ್ತ ಕೂರಬೇಕು. ಐದಾರು ವರ್ಷದ ಮಕ್ಕಳನ್ನೇ ಈ ಕೆಲಸ ಕಲಿಸುವ ಶಾಲೆಗಳಿಗೆ ಕಳುಹಿಸುತ್ತಿದ್ದರು. ನೆಟ್ಟ ಸೂಜಿಗಳ ಲೆಕ್ಕ ತಪ್ಪದಿರಲೆಂದು ಮಕ್ಕಳು ಒಕ್ಕೊರಲಿನಿಂದ ಪದ ಹೇಳುತ್ತ ಹೆಣೆಯುತ್ತಿದ್ದರಂತೆ. ಚಳಿಗಾಲದ ಸಂಜೆಗಳಲ್ಲಿ ಒಂದೇ ಮೇಣದ ಬತ್ತಿಯ ಸುತ್ತ ನೀರು ತುಂಬಿದ ಗಾಜಿನ ಬುರುಡೆಗಳನ್ನಿಟ್ಟು, ಅವುಗಳ ಮೂಲಕ ಹಾಯ್ದು ಒಂದೆಡೆ ಕೂಡಿದ ಬೆಳಕಿನಲ್ಲಿ ಹಲವು ಹೆಂಗಸರು ಒಟ್ಟಾಗಿ ದುಡಿಯುತ್ತಿದ್ದರು. ಹೊಗೆ ತಗುಲಿದರೆ ಬಿಳಿಯ ನೂಲು ಮಾಸುವುದರಿಂದ ಒಲೆಯ ಹತ್ತಿರ ಕೂರುವಂತಿರಲಿಲ್ಲ. ಕೆಂಡ ತುಂಬಿದ ಸಣ್ಣ ಮಡಕೆಯನ್ನು ಕಾಲ ಬಳಿ ಇಟ್ಟುಕೊಂಡು ಚಳಿ ಕಾಯಿಸಿಕೊಳ್ಳುತ್ತಿದ್ದರು. ಹೆಸರು ‘ಲೇಸ್’ ಆದರೂ ಅದನ್ನು ಹೆಣೆದವರ ಬಾಳು ಲೇಸಾಗಿರಲಿಲ್ಲ. ದಿನವಿಡೀ ಬಾಗಿ ಕುಳಿತು ಕಣ್ಣೂ ಬೆನ್ನೂ ಸವೆಯುತ್ತಿದ್ದವು. ಕೈಗೆ ಬರುತ್ತಿದ್ದ ಕೂಲಿ ಅತ್ಯಲ್ಪ.

ಇಂಥ ಜನರ ನಡುವೆ 1764ರಲ್ಲಿ ಜಾನ್ ನ್ಯೂಟನ್ ಎಂಬಾತ ಪಾದ್ರಿಯಾಗಿ ಬಂದನು. ಈತನ ಹಿಂದಿನ ಬಾಳು ಪಾದ್ರಿಯ ಬಾಳಾಗಿರಲಿಲ್ಲ. ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡು ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದ ಹಡಗುಗಳ ನಾಯಕನಾಗಿದ್ದವನು ಆತ. 1748ರಲ್ಲಿ ಒಂದು ಭೀಕರ ಬಿರುಗಾಳಿಗೆ ಸಿಕ್ಕಾಗ ದೈವಭಕ್ತಿ ಮೂಡಿತೆಂದು ಆತನೇ ಬರೆದಿದ್ದಾನೆ. ಆದರೆ ಆ ಭಕ್ತಿ ಮೂಡಿದ ಮೇಲೂ ಕೆಲವು ವರ್ಷ ಅದೇ ವ್ಯಾಪಾರದಲ್ಲಿ ಮುಂದುವರಿದನೆಂಬುದನ್ನು ನಾವು ಮರೆಯಬಾರದು. ಓಲ್ನಿಗೆ ಬಂದವನು ಜನರ ಮನೆಮನೆಗೆ ಹೋದನು. ಅವರ ದಿಂಬುಗಳ ಬಳಿ ಕುಳಿತು ಮಾತನಾಡಿದನು. ಅವನ ಉಪದೇಶ ಕೇಳಲು ಜನ ಹೆಚ್ಚಿ, ಚರ್ಚಿನಲ್ಲಿ ಹೊಸದಾಗಿ ಒಂದು ಅಟ್ಟಣೆಯನ್ನೇ ಕಟ್ಟಿಸಬೇಕಾಯಿತು. ಬೈಬಲಿನ ಮಾತು ಓದುಬರಹ ಹೆಚ್ಚು ಬಾರದ ಈ ಜನರ ಮನಸ್ಸಿನಲ್ಲಿ ನಿಲ್ಲಲೆಂದು ಆತ ತನ್ನ ಉಪದೇಶಗಳಿಗೆ ಹೊಂದುವ ಸ್ತುತಿಗೀತೆಗಳನ್ನು ಬರೆಯತೊಡಗಿದನು. 1773ರ ಜನವರಿ 1ರಂದು, ಹೊಸ ವರ್ಷದ ಉಪದೇಶದ ಜೊತೆಗೆಂದು ಬರೆದ ಗೀತೆಯೇ ಇಂದು ‘ಅಮೇಜಿಂಗ್ ಗ್ರೇಸ್’ ಎಂದು ಜಗತ್ತಿಗೆಲ್ಲ ಪರಿಚಿತವಾಗಿದೆ. ಇಂದು ನಾವು ಕೇಳುವ ರಾಗ ಓಲ್ನಿಯದಲ್ಲ. ಅದು 1835ರಲ್ಲಿ ಅಮೆರಿಕದಲ್ಲಿ ಈ ಗೀತೆಯೊಡನೆ ಕೂಡಿದುದು. ಪದಗಳು ಮಾತ್ರ ಲೇಸ್ ಹೆಣೆಯುವವರ ಎದುರಿನಲ್ಲಿ ಹುಟ್ಟಿದವು. ಅವು ಅಷ್ಟು ಸರಳವಾಗಿರುವುದಕ್ಕೆ ಕಾರಣವೂ ಅದೇ ಎಂದು ನನಗೆ ತೋರುತ್ತದೆ. ಕವಿಗೆ ತನ್ನ ಮುಂದೆ ಕುಳಿತವರು ಯಾರೆಂಬುದು ಚೆನ್ನಾಗಿ ಗೊತ್ತಿತ್ತು.

ಈ ಗೀತೆಗಳ ಸಂಗ್ರಹ ‘ಓಲ್ನಿ ಹಿಮ್ಸ್’ ಎಂಬ ಹೆಸರಿನಿಂದ 1779ರಲ್ಲಿ ಅಚ್ಚಾಯಿತು. ಅದರ ಎರಡನೆಯ ಕರ್ತೃ ವಿಲಿಯಂ ಕೂಪರ್ ಕವಿ. ಹಿಂದಿನ ತಲೆಮಾರಿನವರಲ್ಲಿ ಅನೇಕರು ಇವನ ‘ಜಾನ್ ಗಿಲ್ಪಿನ್’ ಎಂಬ ಹಾಸ್ಯಕವಿತೆಯನ್ನು ಶಾಲೆಯಲ್ಲಿ ಓದಿ ನಕ್ಕಿರಬಹುದು. ಅಷ್ಟು ನಗಿಸಿದ ಕವಿಯ ಸ್ವಂತ ಬದುಕು ಕಡು ವಿಷಾದದ್ದು. ಮನೋವ್ಯಾಧಿಗೆ ತುತ್ತಾಗಿ, ಪ್ರಾಣ ಕಳೆದುಕೊಳ್ಳಲೂ ಯತ್ನಿಸಿ, ಉದ್ಯೋಗದ ಆಸೆಯನ್ನೇ ತೊರೆದ ಈತ, ತನಗೆ ಆಸರೆ ಕೊಟ್ಟ ಮೇರಿ ಅನ್ವಿನ್ ಎಂಬ ವಿಧವೆಯೊಡನೆ ಓಲ್ನಿಗೆ ಬಂದು, 1768ರಲ್ಲಿ ಸಂತೆಯ ಬಯಲಿಗೆ ಮುಖ ಮಾಡಿದ ‘ಆರ್ಚರ್ಡ್ ಸೈಡ್’ ಎಂಬ ಮನೆಯಲ್ಲಿ ನೆಲೆಸಿದನು. ಅವನ ಹಿತ್ತಿಲಿಗೂ ನ್ಯೂಟನ್ನನ ಹಿತ್ತಿಲಿಗೂ ನಡುವೆ ಬೇರೊಬ್ಬರ ಹಣ್ಣಿನ ತೋಟವಿತ್ತು. ಅದನ್ನು ದಾಟಿ ಹೋಗಿಬರುವ ಹಕ್ಕಿಗಾಗಿ ಗೆಳೆಯರು ವರ್ಷಕ್ಕೆ ಒಂದು ಗಿನಿ ತೆರುತ್ತಿದ್ದರು.

1773ರ ಜನವರಿಯಲ್ಲಿ, ಆ ಪ್ರಸಿದ್ಧ ಗೀತೆ ಹುಟ್ಟಿದ ತಿಂಗಳಲ್ಲಿಯೇ, ಕೂಪರನ ಮನಸ್ಸು ಮತ್ತೆ ಕುಸಿಯಿತು. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟಿದ್ದಾನೆಂಬ ನಂಬಿಕೆ ಅವನಲ್ಲಿ ಬೇರೂರಿತು. ಕೃಪೆಯನ್ನು ಹಾಡಿದ ಗೀತೆಗಳ ಕರ್ತೃಗಳಲ್ಲೊಬ್ಬನಾದ ಆತ ಆಮೇಲೆ ಎಂದೂ ಚರ್ಚಿನೊಳಗೆ ಕಾಲಿಡಲಿಲ್ಲ. ನ್ಯೂಟನ್ ದಂಪತಿಗಳು ಒಂದು ವರ್ಷಕ್ಕೂ ಮಿಗಿಲಾಗಿ ಅವನನ್ನು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. ಮೇರಿ ಅನ್ವಿನ್ ಹಗಲಿರುಳು ಕಾದಳು. 1774ರಲ್ಲಿ ನೆರೆಮನೆಯವನೊಬ್ಬ, ತನ್ನ ಮಕ್ಕಳು ಆಡಿ ಬೇಸತ್ತು ಬಿಟ್ಟ ಮೊಲದ ಮರಿಯೊಂದನ್ನು ತಂದು ಕವಿಯ ಕೈಗಿತ್ತನು. ಅದನ್ನು ಸಾಕುವುದರಲ್ಲಿ ಕವಿಗೆ ತುಸು ನೆಮ್ಮದಿಯೆಂಬ ಸುದ್ದಿ ಹಬ್ಬಿದ್ದೇ ತಡ, ಊರವರು ಮೊಲದ ಮರಿಗಳನ್ನು ಹೊತ್ತು ತರತೊಡಗಿದರು. ಆತ ಮೂರನ್ನು ಮಾತ್ರ ಇಟ್ಟುಕೊಂಡು, ಪುಸ್, ಟೈನಿ, ಬೆಸ್ ಎಂದು ಹೆಸರಿಟ್ಟು, ಅವಕ್ಕೆ ತಾನೇ ಮರದ ಗೂಡುಗಳನ್ನು ಮಾಡಿದನು. ಒಂದೊಂದರ ಸ್ವಭಾವವನ್ನೂ ವಿವರಿಸಿ 1784ರಲ್ಲಿ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ಗೆ ಲೇಖನ ಬರೆದನು. ವೈದ್ಯಶಾಸ್ತ್ರ ಕೈಚೆಲ್ಲಿದ ಕಡೆ ನೆರೆಹೊರೆ ತನಗೆ ತೋಚಿದ ಮದ್ದನ್ನು ತಂದುಕೊಟ್ಟ ರೀತಿ ಇದು.

ಕವಿಯೂ ಊರಿನ ಋಣವನ್ನು ಮರೆಯಲಿಲ್ಲ. 1780ರಲ್ಲಿ ಲೇಸ್ ಕಸುಬಿಗೆ ಧಕ್ಕೆ ತರುವ ಕಾನೂನೊಂದರ ಸುದ್ದಿ ಬಂದಾಗ, ಮನೆಬಿಟ್ಟು ಹೊರಡಲೂ ಅಂಜುತ್ತಿದ್ದ ಈ ಮನುಷ್ಯ ಲೇಖನಿ ಹಿಡಿದನು. ವಕೀಲನಾಗಿದ್ದ ಗೆಳೆಯ ಜೋಸೆಫ್ ಹಿಲ್‌ಗೆ ಪತ್ರ ಬರೆದು, ಈ ಊರಿನಲ್ಲಿ ಹೆಚ್ಚುಕಡಿಮೆ 1,200 ಮಂದಿ ಲೇಸ್ ಹೆಣೆಯುವವರಿದ್ದಾರೆಂದೂ, ನೂರಾರು ಜನ ಹಸಿವಿನ ಅಂಚಿನಲ್ಲಿದ್ದಾರೆಂದೂ, ಇದಕ್ಕೆ ತಾನೇ ಕಣ್ಣಾರೆ ಕಂಡ ಸಾಕ್ಷಿಯೆಂದೂ ತಿಳಿಸಿದನು. ರಾಜ್ಯದ ಚಾನ್ಸಲರ್ ಆಗಿದ್ದ ಥರ್ಲೋ ತರುಣದಲ್ಲಿ ಕೂಪರನ ಸಹಪಾಠಿಯಂತಿದ್ದವನು. ಅವನ ಕಿವಿಗೆ ಈ ಬಡವರ ಪರವಾಗಿ ಒಂದು ಮಾತು ಹಾಕೆಂಬುದು ಪತ್ರದ ಕೋರಿಕೆ. ಮುಂದೆ ರಾಬರ್ಟ್ ಸ್ಮಿತ್ ಎಂಬ ಬ್ಯಾಂಕಿನ ಧಣಿ ಹೆಸರು ಹೇಳದೆ ಕಳುಹಿಸುತ್ತಿದ್ದ ಹಣವನ್ನು ಓಲ್ನಿಯ ಬಡವರಿಗೆ ಹಂಚುವ ಹೊಣೆಯನ್ನೂ ಕೂಪರ್ ಹೊತ್ತನು. ತಾನು ಮುಕ್ತಿಗೆ ಹೊರಗಾದವನೆಂದು ನಂಬಿದ್ದವನು ಪರರ ಅನ್ನದ ಚಿಂತೆಯನ್ನು ಬಿಡಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಅವನ ಕಾವ್ಯದಷ್ಟೇ ಬೆಲೆಯುಳ್ಳದ್ದು.

ಊರಿನವರ ಕಷ್ಟಕ್ಕೆ ಮಿಡಿಯುವುದು ಸುಲಭ. ಕಣ್ಣಿಗೆ ಕಾಣದವರ ಕಷ್ಟಕ್ಕೆ ಮಿಡಿಯುವುದು ಅಷ್ಟು ಸುಲಭವಲ್ಲ. ಓಲ್ನಿಯಲ್ಲಿದ್ದ ಹದಿನಾರು ವರ್ಷಗಳಲ್ಲಿ ನ್ಯೂಟನ್ ಗುಲಾಮರ ವ್ಯಾಪಾರವನ್ನು ಖಂಡಿಸಿ ಏನನ್ನೂ ಪ್ರಕಟಿಸಲಿಲ್ಲ. ಕೂಪರನೇ ಮುಂದಾಗಿ, 1785ರಲ್ಲಿ ಪ್ರಕಟವಾದ ‘ದಿ ಟಾಸ್ಕ್’ ಎಂಬ ದೀರ್ಘ ಕಾವ್ಯದಲ್ಲಿ ಗುಲಾಮಗಿರಿಯನ್ನು ಖಂಡಿಸಿದನು. ಲಂಡನ್ನಿಗೆ ಹೋಗಿ ನೆಲೆಸಿದ್ದ ನ್ಯೂಟನ್ 1788ರಲ್ಲಿ, ಆ ವ್ಯಾಪಾರವನ್ನು ಬಿಟ್ಟು ಮೂವತ್ತಕ್ಕೂ ಹೆಚ್ಚು ವರ್ಷಗಳಾದ ಬಳಿಕ, ತಾನು ಕಂಡುದನ್ನೂ ಮಾಡಿದುದನ್ನೂ ಒಂದು ಕಿರುಹೊತ್ತಗೆಯಲ್ಲಿ ಬಿಚ್ಚಿಟ್ಟು, ಪಾರ್ಲಿಮೆಂಟಿನ ಮುಂದೆಯೂ ಸಾಕ್ಷಿ ನುಡಿದನು. 1807ರಲ್ಲಿ ಬ್ರಿಟನ್ ಆ ವ್ಯಾಪಾರವನ್ನು ಕಾನೂನಿನಿಂದ ನಿಷೇಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಟನ್ ತೀರಿಕೊಂಡನು. ಭಕ್ತಿಗೀತೆ ಬಾಯಿಗೆ ಬಂದಷ್ಟು ಬೇಗ ನ್ಯಾಯದ ಮಾತು ಬರಲಿಲ್ಲವೆಂಬುದು ಓಲ್ನಿಯ ಕಥೆಯ ಕಹಿ ಭಾಗ. ಅದನ್ನು ಮುಚ್ಚಿಟ್ಟು ಈ ಊರನ್ನು ಹೊಗಳಿದರೆ ಹೊಗಳಿಕೆಗೆ ಅರ್ಥವಿಲ್ಲ.

ಇನ್ನು ಕನ್ನಡದ ಸಂಬಂಧ. ವ್ಯಾಕರಣದ ಇತಿಹಾಸವನ್ನು ಬೋಧಿಸುತ್ತಿದ್ದ ನನಗೆ ಓಲ್ನಿಯ ಹೆಸರು ಮೊದಲು ಎದುರಾದದ್ದು ಕೂಪರನ ಮೂಲಕವಲ್ಲ, ವಿಲಿಯಂ ಕೇರಿಯ ಮೂಲಕ. ಊರಿನ ಚರ್ಚಿನಿಂದ ಬೇರೆಯಾಗಿ ಅಲ್ಲಿ ಬ್ಯಾಪ್ಟಿಸ್ಟರ ಒಂದು ಪುಟ್ಟ ಸಭೆಯಿತ್ತು. ಜಾನ್ ಸಟ್‌ಕ್ಲಿಫ್ ಅದರ ಗುರು. ನೆರೆಯ ಪ್ರಾಂತದ ಮೋಲ್ಟನ್ ಎಂಬ ಹಳ್ಳಿಯಲ್ಲಿ ಪಾದರಕ್ಷೆ ಹೊಲಿಯುತ್ತ, ಮಕ್ಕಳಿಗೆ ಪಾಠ ಹೇಳುತ್ತ ಇದ್ದ ಕೇರಿ 1785ರಲ್ಲಿ ಈ ಸಭೆಯ ಸದಸ್ಯನಾದನು. ಉಪದೇಶಕನಾಗಬೇಕೆಂದು ಅವನ ಬಯಕೆ. ಸಭೆಯವರು ಅವನ ಮಾತನ್ನು ಕೇಳಿ ಒಮ್ಮೆಗೇ ಒಪ್ಪಲಿಲ್ಲ. ಇನ್ನಷ್ಟು ಕಾಲ ನಮ್ಮ ಮುಂದೆ ಮಾತನಾಡಿ ತೋರಿಸೆಂದರು. 1786ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟರು. 1793ರಲ್ಲಿ ಕೇರಿ ಬಂಗಾಳಕ್ಕೆ ಹಡಗು ಹತ್ತಿದನು. ಸೆರಾಂಪುರದ ಮುದ್ರಣಾಲಯವನ್ನೂ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜನ್ನೂ ಆಶ್ರಯಿಸಿ, ಪಂಡಿತರ ನೆರವಿನಿಂದ ನಮ್ಮ ದೇಶದ ಅನೇಕ ಭಾಷೆಗಳ ಅಭ್ಯಾಸ ಮಾಡಿದನು. 1817ರಲ್ಲಿ ಸೆರಾಂಪುರದಿಂದ ಹೊರಟ ಅವನ ಕನ್ನಡ ವ್ಯಾಕರಣ ನಮ್ಮ ಅಚ್ಚಿನ ಇತಿಹಾಸದ ಆದಿಭಾಗದಲ್ಲಿ ನಿಲ್ಲುವ ಪುಸ್ತಕಗಳಲ್ಲೊಂದು. ಕೇಶಿರಾಜನ ‘ಶಬ್ದಮಣಿದರ್ಪಣ’ದ ಮುಂದೆ ಅದನ್ನಿಟ್ಟು ತೂಗುವುದು ತರವಲ್ಲ, ಅದರ ಉದ್ದೇಶವೇ ಬೇರೆ. ಪರದೇಶದ ಕಲಿಯುವವನಿಗೆ ಕನ್ನಡದ ಹೊಸ್ತಿಲನ್ನು ದಾಟಿಸುವುದು ಅದರ ಕೆಲಸ. ಆ ಪುಸ್ತಕದ ಹಿಂದೆ ಓಲ್ನಿಯ ಒಂದು ಸಣ್ಣ ಸಭೆಯ ಹೂಂಗುಟ್ಟುವಿಕೆ ಇದೆಯೆಂಬುದು ಸ್ವಾರಸ್ಯದ ಸಂಗತಿ.

ಮುಂದೆ ಕಾಲ ಬದಲಾಯಿತು. 1809ರಲ್ಲಿ ಜಾನ್ ಹೀತ್‌ಕೋಟ್ ಕಂಡುಹಿಡಿದ ಯಂತ್ರದಿಂದ ಆರಂಭವಾಗಿ ಯಂತ್ರದ ಲೇಸ್ ಕ್ರಮೇಣ ಕೈಕಸುಬನ್ನು ನುಂಗಿತು. ಕೂಪರ್ ತೀರಿಕೊಂಡು ನೂರು ವರ್ಷ ತುಂಬಿದ 1900ರಲ್ಲಿ, ಅವನ ಮನೆ ಊರಿಗೆ ದಾನವಾಗಿ ಬಂದು ವಸ್ತುಸಂಗ್ರಹಾಲಯವಾಯಿತು. ಅಲ್ಲಿ ಕವಿಯ ವಸ್ತುಗಳ ಜೊತೆಯಲ್ಲೇ ಲೇಸಿನ ದಿಂಬು, ಕಡ್ಡಿಗಳಿಗೂ ಸ್ಥಾನ ಸಿಕ್ಕಿದೆ.

ಊರು ಇಂದಿಗೂ ವರ್ಷಕ್ಕೊಮ್ಮೆ ಸಂತೆಯ ಬಯಲಿನಲ್ಲಿ ಒಟ್ಟುಗೂಡುತ್ತದೆ. ಕ್ರೈಸ್ತರ ನಲವತ್ತು ದಿನಗಳ ಉಪವಾಸ ಆರಂಭವಾಗುವ ಮುನ್ನಾದಿನದ ಮಂಗಳವಾರ ಮನೆಯಲ್ಲಿ ಉಳಿದ ಮೊಟ್ಟೆ, ಬೆಣ್ಣೆಗಳನ್ನು ಮುಗಿಸಲು ದೋಸೆಯಂಥ ಪ್ಯಾನ್‌ಕೇಕ್ ಮಾಡುವುದು ಅಲ್ಲಿನ ವಾಡಿಕೆ. 1445ರಲ್ಲಿ ಗೃಹಿಣಿಯೊಬ್ಬಳು ಚರ್ಚಿನ ಗಂಟೆ ಕೇಳಿ, ಕೈಯಲ್ಲಿ ಹಿಡಿದ ಬಾಣಲೆಯೊಡನೆಯೇ ಓಡಿದಳೆಂದು ಐತಿಹ್ಯ. ಅದರ ನೆನಪಿಗೆ ಊರಿನ ಹೆಂಗಸರು ಲಂಗ, ಮುಂಗವಚ, ತಲೆವಸ್ತ್ರ ಧರಿಸಿ, ಪ್ಯಾನ್‌ಕೇಕನ್ನು ಬಾಣಲೆಯಲ್ಲಿ ಚಿಮ್ಮಿಸಿ, ಸಂತೆಯ ಬಯಲಿನಿಂದ ಚರ್ಚಿನವರೆಗೆ 415 ಗಜ ಓಡುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತುಹೋಗಿದ್ದ ಈ ಓಟವನ್ನು 1948ರಲ್ಲಿ ಅಲ್ಲಿನ ಪಾದ್ರಿ ಮತ್ತೆ ಆರಂಭಿಸಿದನು. 1950ರಿಂದ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಿಬರಲ್ ಎಂಬ ಊರೂ ಇದರಲ್ಲಿ ಸ್ಪರ್ಧಿ; ಎರಡೂ ಊರಿನವರು ತಂತಮ್ಮ ನೆಲದಲ್ಲೇ ಓಡಿ ವೇಳೆಯನ್ನು ಹೋಲಿಸಿಕೊಳ್ಳುತ್ತಾರೆ. ಓಲ್ನಿಯ ಓಟದಲ್ಲಿ ಸೇರಲು ಕೆಲವು ತಿಂಗಳಾದರೂ ಆ ಊರಿನಲ್ಲಿ ವಾಸವಾಗಿರಬೇಕೆಂಬ ನಿಯಮವಿದೆ. ಓಟ ಮುಗಿದ ಮೇಲೆ ಎಲ್ಲರೂ ಚರ್ಚಿನೊಳಗೆ ಸೇರಿ ಪ್ರಾರ್ಥನೆ ನಡೆಸುತ್ತಾರೆ.

ಓಲ್ನಿಯಿಂದ ಹೊರಗೆ ಹೋದುದಾವುದೂ ಲೋಕವನ್ನು ಗೆಲ್ಲಬೇಕೆಂದು ಅಲ್ಲಿ ಹುಟ್ಟಿದುದಲ್ಲ. ಗೀತೆ ಒಂದು ದಿನದ ಉಪದೇಶಕ್ಕೆಂದು ಹುಟ್ಟಿತು. ಪತ್ರ ಒಂದು ಊರಿನ ಹಸಿವಿಗೆಂದು. ಕೇರಿಯ ಪರೀಕ್ಷೆ ಒಂದು ಸಭೆಯ ತೃಪ್ತಿಗೆಂದು. ಎದುರಿಗಿದ್ದ ಜನರಿಗೆ ಬೇಕಾದುದನ್ನು ಶ್ರದ್ಧೆಯಿಂದ ಮಾಡಿದರು. ಅದು ದೂರ ಹೋಯಿತು. ನಮ್ಮ ನಮ್ಮ ಸಣ್ಣ ಊರುಗಳ ಚರಿತ್ರೆಯನ್ನು ಬರೆಯಹೊರಡುವವರು ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ ಇರಬಹುದು: ಇಲ್ಲಿ ಯಾರು ದೊಡ್ಡವರಾದರು ಎಂಬುದಲ್ಲ, ಇಲ್ಲಿ ಯಾರು ಯಾರನ್ನು ನೋಡಿಕೊಂಡರು ಎಂಬುದು.