ಪೀಠ ಬಿಟ್ಟು ಮತ ಕೇಳಿದ ನ್ಯಾಯಮೂರ್ತಿ

ಅಮೆರಿಕದ ನೆಂಟರ ಮನೆಗೆ ಹೋಗಿ ಬಂದ ನಮ್ಮ ಹುಡುಗರು ಒಂದು ವಿಚಿತ್ರ ಸಂಗತಿ ಹೇಳುತ್ತಾರೆ. ಅಲ್ಲಿ ಚುನಾವಣೆ ಬಂತೆಂದರೆ ಮನೆಗಳ ಮುಂದಿನ ಹುಲ್ಲುಹಾಸಿನಲ್ಲಿ ನ್ಯಾಯಾಧೀಶರ ಹೆಸರಿನ ಫಲಕಗಳೂ ಏಳುತ್ತವಂತೆ. ಇದು ನಿಜ. ಆ ದೇಶದ ಬಹಳಷ್ಟು ರಾಜ್ಯಗಳಲ್ಲಿ ನ್ಯಾಯಾಧೀಶರು ಮತ ಕೇಳಬೇಕು. ಟೆಕ್ಸಾಸಿನಲ್ಲಂತೂ ಪಕ್ಷದ ಹೆಸರಿನಲ್ಲೇ ಸ್ಪರ್ಧೆ. ಪ್ರಚಾರಕ್ಕೆ ಹಣ ಬೇಕು. ಹಣ ಕೊಟ್ಟವನೇ ನಾಳೆ ಕೋರ್ಟಿನ ಮೆಟ್ಟಿಲೇರಿದರೆ? ವೆಸ್ಟ್ ವರ್ಜೀನಿಯಾದಲ್ಲಿ ಹಾಗೇ ಆಯಿತು. 2004ರ ಚುನಾವಣೆಯಲ್ಲಿ ಕಲ್ಲಿದ್ದಲು ಕಂಪೆನಿಯೊಂದರ ಮುಖ್ಯಸ್ಥ ಒಬ್ಬ ಅಭ್ಯರ್ಥಿಯ ಗೆಲುವಿಗಾಗಿ ಸುಮಾರು 30 ಲಕ್ಷ ಡಾಲರು ಸುರಿದ. ಗೆದ್ದ ನ್ಯಾಯಾಧೀಶರು, ಅದೇ ಕಂಪೆನಿ ತೆರಬೇಕಾಗಿದ್ದ 5 ಕೋಟಿ ಡಾಲರಿನ ಪರಿಹಾರವನ್ನು ರದ್ದುಮಾಡಿದ ಪೀಠದಲ್ಲಿ ಕುಳಿತರು. ಅವರು ಅಲ್ಲಿ ಕೂರಬಾರದಿತ್ತು ಎಂದು ಅಮೆರಿಕದ ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು. ಅದೂ 5-4ರ ಬಹುಮತದಿಂದ!

ನಮ್ಮಲ್ಲಿ ಹಾಗಿಲ್ಲವಲ್ಲ, ಸದ್ಯ, ಎನ್ನುತ್ತೀರಿ. ಸರಿಯೇ. ಆದರೆ ಮತದಾರರು ಆರಿಸದಿದ್ದರೆ ಮತ್ತಾರೋ ಆರಿಸಲೇಬೇಕಷ್ಟೆ? ಆರಿಸುವ ಕೈ ಸರಕಾರದ್ದಾದಾಗ ಏನಾಯಿತೆಂಬುದನ್ನು ತಿಳಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಕಾರ್ಕಳಕ್ಕೆ ಹೋದರೆ ಸಾಕು.

ನಿಮ್ಮಲ್ಲಿ ಕೆಲವರು ಇಂಜಿನಿಯರಿಂಗ್ ಓದಲು ನಿಟ್ಟೆಗೆ ಹೋಗಿದ್ದೀರಿ. ಊರಿಗೆ ಹೋದಾಗ ದೇರಳಕಟ್ಟೆಯಲ್ಲಿ ಜಸ್ಟಿಸ್ ಕೆ. ಎಸ್. ಹೆಗ್ಡೆ ಆಸ್ಪತ್ರೆಯ ಫಲಕ ನೋಡಿದ್ದೀರಿ. ಆ ಹೆಸರಿನ ಹಿಂದಿರುವ ಮನುಷ್ಯ ಯಾರೆಂದು ಕೇಳಿದರೆ ಮಾತ್ರ ಮುಖಮುಖ ನೋಡುತ್ತೀರಿ. ನಾನು ಕಾನೂನು ಓದಿದವಳಲ್ಲ, ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಸಂಸಾರಕ್ಕೆ ಬಿದ್ದವಳು. ಆದರೂ ಈ ಕಥೆ ನಿಮಗೆ ಗೊತ್ತಿರಬೇಕೆಂದು ನನ್ನ ಹಟ.

ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರಲ್ಲಿ, ಕಾರ್ಕಳ ತಾಲೂಕಿನಲ್ಲಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ್ದು. ವಕೀಲರಾದರು, ಕಾಂಗ್ರೆಸ್ ಸೇರಿದರು, ಸರಕಾರಿ ಅಭಿಯೋಜಕರಾದರು, 1952ರಲ್ಲಿ ರಾಜ್ಯಸಭೆಗೆ ಹೋದರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ಆಳುವ ಪಕ್ಷದ ಸಂಸದ ನೇರವಾಗಿ ನ್ಯಾಯಪೀಠಕ್ಕೆ! ಇಂದು ಇಂಥದೊಂದು ನಡೆದರೆ ಟಿ.ವಿ.ಯವರು ಒಂದು ವಾರ ಬಿಡುವುದಿಲ್ಲ, ನಾನೂ ಹುಬ್ಬೇರಿಸುತ್ತೇನೆ. 1966ರಲ್ಲಿ ದೆಹಲಿ ಹೈಕೋರ್ಟು ಹುಟ್ಟಿದಾಗ ಅದರ ಮೊತ್ತಮೊದಲ ಮುಖ್ಯ ನ್ಯಾಯಮೂರ್ತಿ ಇವರೇ. 1967ರಲ್ಲಿ ಸುಪ್ರೀಂ ಕೋರ್ಟು.

ಪಕ್ಷದಿಂದ ಬಂದವರು ಪಕ್ಷಕ್ಕೆ ಋಣ ತೀರಿಸಿದರೇ? ಅವರು ಬರೆದ ತೀರ್ಪುಗಳನ್ನೇ ನೋಡೋಣ. 1969ರ ಕ್ರೈಪಾಕ್ ಪ್ರಕರಣವನ್ನು ಇಂದಿಗೂ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. ನಮ್ಮ ಚರ್ಚ್‌ಗೇಟಿನ ಸರಕಾರಿ ಲಾ ಕಾಲೇಜಿನ ಯಾವ ಹುಡುಗಿಯನ್ನು ಬೇಕಾದರೂ ಕೇಳಿ. ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಲು ಕಾಶ್ಮೀರದಲ್ಲಿ ಒಂದು ಮಂಡಳಿ ಕೂತಿತ್ತು. ಅದರಲ್ಲಿದ್ದ ಹಂಗಾಮಿ ಮುಖ್ಯ ಅರಣ್ಯಾಧಿಕಾರಿ ಸ್ವತಃ ಅದೇ ಹುದ್ದೆಗೆ ಅಭ್ಯರ್ಥಿ! ತನ್ನ ಹೆಸರು ಬಂದಾಗ ಪಕ್ಕಕ್ಕೆ ಸರಿದರು, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಾತ್ರ ಕುಳಿತೇ ಇದ್ದರು. ಪಟ್ಟಿಯಲ್ಲಿ ಮೊದಲು ಬಂದ ಹೆಸರು ಯಾರದೆಂದು ಹೇಳಬೇಕಾಗಿಲ್ಲ. ಇದು ನ್ಯಾಯಾಲಯವಲ್ಲ, ಬರೀ ಆಡಳಿತದ ಕೆಲಸ ಎಂದು ಸರಕಾರದ ವಾದ. ಆಡಳಿತವಾದರೇನು, ತನ್ನ ವ್ಯಾಜ್ಯಕ್ಕೆ ತಾನೇ ತೀರ್ಪುಗಾರನಾಗುವಂತಿಲ್ಲ ಎಂದು ಹೆಗ್ಡೆ ಬರೆದರು, ಆಯ್ಕೆ ರದ್ದಾಯಿತು. ವೆಸ್ಟ್ ವರ್ಜೀನಿಯಾದವರಿಗೆ ಇದೇ ಪಾಠ ಕಲಿಯಲು ಇನ್ನೂ 40 ವರ್ಷ ಬೇಕಾಯಿತು ನೋಡಿ.

1972ರಲ್ಲಿ ಇನ್ನೊಂದು ತೀರ್ಪು. ಇಂದಿರಾ ಗಾಂಧಿಯವರ ರಾಯಬರೇಲಿ ಗೆಲುವನ್ನು ಪ್ರಶ್ನಿಸಿದ್ದ ರಾಜನಾರಾಯಣರಿಗೆ ಅರ್ಜಿಯನ್ನು ತಿದ್ದಲು ಹೆಗ್ಡೆಯವರ ಪೀಠ ಅವಕಾಶ ಕೊಟ್ಟಿತು. ಅದೇ ಅರ್ಜಿಯ ಮೇಲೆ 1975ರ ಜೂನ್ 12ರಂದು ಅಲಹಾಬಾದಿನಲ್ಲಿ ಬಂದ ತೀರ್ಪು, ಅದರ ಬೆನ್ನಿಗೇ ಬಂದ ತುರ್ತುಪರಿಸ್ಥಿತಿ, ನಿಮ್ಮ ಶಾಲಾ ಪುಸ್ತಕಗಳಲ್ಲೇ ಇವೆ.

ಅಷ್ಟರಲ್ಲಿ ನಮ್ಮದೇ ಕಾಸರಗೋಡಿನಿಂದ ಒಂದು ದೊಡ್ಡ ಮೊಕದ್ದಮೆ ದೆಹಲಿ ಸೇರಿತ್ತು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಯಕ್ಷಗಾನದ ಭಾಗವತಿಕೆಯನ್ನೂ ಬಲ್ಲವರು, ಕೇರಳದ ಭೂಸುಧಾರಣೆಯಿಂದ ಮಠದ ಭೂಮಿ ಹೋಗುವುದನ್ನು ಪ್ರಶ್ನಿಸಿದ್ದರು. ಅವರ ಪರ ನಿಂತವರು ನಮ್ಮ ಮುಂಬಯಿಯ ನಾನಿ ಪಾಲ್ಖೀವಾಲಾ. ಬ್ರೆಬೋರ್ನ್ ಸ್ಟೇಡಿಯಮ್ಮಿನಲ್ಲಿ ಅವರ ಬಜೆಟ್ ಭಾಷಣ ಕೇಳಲು ಜನ ಕಿಕ್ಕಿರಿಯುತ್ತಿದ್ದುದನ್ನು ನಿಮ್ಮ ಅಜ್ಜಂದಿರು ಹೇಳಿಯಾರು. 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ತೀರ್ಪು ಬಂತು. ಮನೆ ರಿಪೇರಿ ಮಾಡಿಸಿ, ಕಂಬ ಕಡಿಯಬೇಡಿ ಎಂದ ಹಾಗೆ. ಆ ಏಳರಲ್ಲಿ ಹೆಗ್ಡೆ ಒಬ್ಬರು.

ಮರುದಿನವೇ ಬಂತು ಸುದ್ದಿ. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾಗುತ್ತಿದ್ದರು. ಹಿರಿತನದಲ್ಲಿ ಮುಂದೆ ಇದ್ದವರು ಶೇಲತ್, ಹೆಗ್ಡೆ, ಗ್ರೋವರ್. ಮೂವರೂ ಸರಕಾರಕ್ಕೆ ವಿರುದ್ಧವಾದ ತೀರ್ಪಿಗೆ ಸೇರಿದವರು. ಮೂವರನ್ನೂ ದಾಟಿ, ಸರಕಾರದ ವಾದವನ್ನು ಒಪ್ಪಿದ್ದ ಎ. ಎನ್. ರೇ ಅವರನ್ನು ನೇಮಿಸಲಾಯಿತು. ನ್ಯಾಯಾಧೀಶರ ಮನೋಧರ್ಮವನ್ನು ನೋಡುವ ಹಕ್ಕು ಸರಕಾರಕ್ಕಿದೆ ಎಂದು ಮಂತ್ರಿ ಮೋಹನ್ ಕುಮಾರಮಂಗಲಂ ಸಂಸತ್ತಿನಲ್ಲಿ ಸಮರ್ಥಿಸಿಕೊಂಡರು. ಅದೇ ವರ್ಷ ಪಾಲ್ಖೀವಾಲಾ ಇದನ್ನು ಖಂಡಿಸಿ ಒಂದು ಪುಸ್ತಕವನ್ನೇ ಸಂಪಾದಿಸಿದರು. 'ಅಳತೆಗೆ ಹೊಲಿಸಿದ ನ್ಯಾಯಾಂಗ' ಎಂದು ಅದರ ಇಂಗ್ಲಿಷ್ ಹೆಸರಿನ ಅರ್ಥ.

ಲೆಕ್ಕ ಹಾಕಿ ನೋಡಿ. ಶೇಲತ್ ಆ ಜುಲೈಗೆ ನಿವೃತ್ತರಾಗಬೇಕಿತ್ತು. ಆಮೇಲೆ ಹೆಗ್ಡೆಯವರಿಗೆ 65 ತುಂಬುವ ತನಕ, ಸುಮಾರು ಹನ್ನೊಂದು ತಿಂಗಳು, ಒಬ್ಬ ಕಾರ್ಕಳದವರು ಭಾರತದ ಮುಖ್ಯ ನ್ಯಾಯಮೂರ್ತಿಯಾಗಿರುತ್ತಿದ್ದರು. ಬಾಯಿ ಮುಚ್ಚಿ ಕುಳಿತಿದ್ದರೆ ಸಂಬಳವಾದರೂ ಬರುತ್ತಿತ್ತು. ಮೂವರೂ ರಾಜೀನಾಮೆ ಬರೆದುಕೊಟ್ಟರು. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರು ಮತ್ತೆ ದೇಶದ ಯಾವ ಕೋರ್ಟಿನಲ್ಲೂ ವಕೀಲಿ ಮಾಡುವಂತಿಲ್ಲ, ಸಂವಿಧಾನವೇ ತಡೆದಿದೆ. 63 ದಾಟಿದ ವಯಸ್ಸಿನಲ್ಲಿ ಅವರು ಬಿಟ್ಟದ್ದು ಕುರ್ಚಿಯನ್ನಷ್ಟೇ ಅಲ್ಲ, ಕರಿಕೋಟನ್ನೂ.

1977ರ ಮಾರ್ಚಿನಲ್ಲಿ ಚುನಾವಣೆ ಬಂದಾಗ ಈ ಮಾಜಿ ನ್ಯಾಯಮೂರ್ತಿ ಬೆಂಗಳೂರು ದಕ್ಷಿಣದಲ್ಲಿ ಜನತಾ ಪಕ್ಷದಿಂದ ನಿಂತರು. ಎದುರಾಳಿ ಸಾಮಾನ್ಯರಲ್ಲ, ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. ಉತ್ತರದಲ್ಲಿ ಕಾಂಗ್ರೆಸ್ ಕೊಚ್ಚಿಹೋದರೂ ಕರ್ನಾಟಕದ 28ರಲ್ಲಿ 26 ಸ್ಥಾನ ಅದಕ್ಕೇ ಸಿಕ್ಕಿತು. ಉಳಿದ ಎರಡರಲ್ಲಿ ಒಂದು ಹೆಗ್ಡೆಯವರದು. ಜುಲೈಯಲ್ಲಿ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದಾಗ ತೆರವಾದ ಲೋಕಸಭೆಯ ಸ್ಪೀಕರ್ ಪೀಠ ಇವರಿಗೆ ಬಂತು. ಮರುವರ್ಷ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ಬಂದರು. 1978ರ ಡಿಸೆಂಬರಿನಲ್ಲಿ ಸದನ ಅವರನ್ನು ಹೊರಹಾಕಿದಾಗ ಸ್ಪೀಕರ್ ಆಗಿದ್ದವರು, ಐದು ವರ್ಷ ಹಿಂದೆ ಅವರ ಸರಕಾರ ದಾಟಿಹೋಗಿದ್ದ ಇದೇ ಹೆಗ್ಡೆ. ನಿರ್ಣಯ ಸದನದ್ದು, ನಿಜ. ಆದರೂ ಯಾವ ಕಾದಂಬರಿಕಾರ್ತಿ ಹೀಗೆ ಬರೆದರೂ ಸಂಪಾದಕರು ನಂಬುತ್ತಿರಲಿಲ್ಲ.

ನ್ಯಾಯಾಧೀಶರು ಮತ ಕೇಳುವುದು ಸರಿಯೇ? ನನಗೆ ಇದು ಅಷ್ಟಾಗಿ ಒಗ್ಗುವುದಿಲ್ಲ. ಮುಖ್ಯ ನ್ಯಾಯಮೂರ್ತಿ ಸುಬ್ಬರಾಯರು 1967ರಲ್ಲಿ ಪೀಠ ಬಿಟ್ಟ ಕೂಡಲೇ ರಾಷ್ಟ್ರಪತಿ ಚುನಾವಣೆಗೆ ವಿರೋಧಪಕ್ಷಗಳ ಅಭ್ಯರ್ಥಿಯಾದರು, ಸೋತರು. ಬಹರುಲ್ ಇಸ್ಲಾಂ ಅವರು 1983ರಲ್ಲಿ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಆಳುವ ಪಕ್ಷದಿಂದ ಅದೇ ವರ್ಷ ರಾಜ್ಯಸಭೆಗೆ ಹೋದರು. ಇಂಥವನ್ನು ಕಂಡಾಗ, ಪೀಠದಲ್ಲಿದ್ದಾಗಲೇ ಕಣ್ಣು ಆಚೆ ಇತ್ತೇನೋ ಎಂಬ ಅನುಮಾನ ಯಾರಿಗೂ ಬರುತ್ತದೆ. ಹೆಗ್ಡೆಯವರ ವಿಷಯದಲ್ಲಿ ಆ ಅನುಮಾನ ನನಗಿಲ್ಲ. ಪೀಠ ಬಿಟ್ಟ ಸುಮಾರು ನಾಲ್ಕು ವರ್ಷದ ಮೇಲೆ ಅವರು ನಿಂತದ್ದು. ಬಿಟ್ಟಾಗ ಕೈಯಲ್ಲಿ ಯಾವ ಟಿಕೇಟೂ ಇರಲಿಲ್ಲ, ಎದುರಿಗಿದ್ದ ಸರಕಾರ ಬಲವಾಗಿತ್ತು.

ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಆರಂಭಿಸಿದರು. ಕೆಲಕಾಲ ಭಾರತೀಯ ಜನತಾ ಪಕ್ಷದಲ್ಲಿದ್ದರು. 1990ರಲ್ಲಿ ತೀರಿಕೊಂಡರು. 1993ರಿಂದ ಉಚ್ಚ ನ್ಯಾಯಾಧೀಶರನ್ನು ಆರಿಸುವ ಕೆಲಸ ಹಿರಿಯ ನ್ಯಾಯಾಧೀಶರ ಕೊಲಿಜಿಯಮ್ಮಿನ ಕೈಗೆ ಹೋಯಿತು. ಅದನ್ನು ಬದಲಿಸಲು ಸಂಸತ್ತು ಮಾಡಿದ ಕಾನೂನನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಮಾಡಿತು, ಅದಕ್ಕೆ ಕೊಟ್ಟ ಆಧಾರ ಎಡನೀರಿನ ಮೊಕದ್ದಮೆಯ ಅದೇ ಮೂಲ ಸ್ವರೂಪ. ತಮ್ಮವರನ್ನು ತಾವೇ ಆರಿಸಿಕೊಳ್ಳುವುದು ಕ್ರೈಪಾಕ್ ಪ್ರಕರಣದ ಮಂಡಳಿಯಂತಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಯುವ ವಿಭಾಗದ ಮುಂದಿನ ಚರ್ಚಾಕೂಟಕ್ಕೆ ವಿಷಯ ಹುಡುಕುತ್ತಿದ್ದೀರಲ್ಲ, ಇದನ್ನೇ ಇಟ್ಟುಕೊಳ್ಳಿ. ಕನ್ನಡದಲ್ಲೇ ವಾದಿಸಬೇಕು, ಮಧ್ಯೆ ಮಧ್ಯೆ ಹಿಂದಿ ಬೆರೆಸಿದರೆ ಅಂಕ ಕಡಿಯುತ್ತೇನೆ.